ಗ್ರಾಮಗಳಿಗೆ ಅತಿವೇಗದ ಅಂತರ್ಜಾಲ: ಪಂಚಾಯಿತಿ ಕಟ್ಟಡದಿಂದ ಮನೆಯವರೆಗಿನ ದಾರಿ

(ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರು ಹಾಗೂ ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳಿಗಾಗಿ ಜಿಲ್ಲಾ ಪಂಚಾಯತ್ ಸಭಾಂಗಣದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



1902ನೇ ಇಸವಿಯಲ್ಲಿ ಶಿವನಸಮುದ್ರದ ಕಾವೇರಿ ಜಲಪಾತದಿಂದ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳನ್ನು ತಲುಪಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ಯುವುದು ಆ ಕಾಲಕ್ಕೆ ಜಗತ್ತೇ ಬೆರಗಾಗುವ ಸಾಧನೆಯಾಗಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಮೈಸೂರು ಸಂಸ್ಥಾನದ ಈ ಹೆಗ್ಗಳಿಕೆಯನ್ನು ಶಾಲೆಯ ಪಾಠಗಳಲ್ಲಿ ಎಲ್ಲರೂ ಓದಿದ್ದಾರೆ. ಪಾಠದಲ್ಲಿ ಬಾರದ ಸಂಗತಿಯೊಂದಿದೆ. ಆ ತಂತಿಗಳು ಹಾದುಹೋದ ದಾರಿಯುದ್ದಕ್ಕೂ ಇದ್ದ ಹಳ್ಳಿಗಳ ಜನರು ಮುಂದೆ ಹಲವು ದಶಕಗಳ ಕಾಲ ಹರಳೆಣ್ಣೆ ಮತ್ತು ಸೀಮೆಎಣ್ಣೆಯ ದೀಪದ ಬೆಳಕಿನಲ್ಲಿಯೇ ಊಟ ಮಾಡಿದರು. ತಂತಿ ಅವರ ಹೊಲದ ಮೇಲೆಯೇ ಇತ್ತು, ಬೆಳಕು ಮಾತ್ರ ಬೇರೆ ಊರಿನದಾಗಿತ್ತು.

ಇಂದು ಗ್ರಾಮೀಣ ಪ್ರದೇಶಗಳಲ್ಲಿ ಅತಿವೇಗದ ಅಂತರ್ಜಾಲದ ಸ್ಥಿತಿ ಬಹುಮಟ್ಟಿಗೆ ಹೀಗೆಯೇ ಇದೆ. ಕೇಬಲ್ ಬಂದಿಲ್ಲವೆಂಬುದು ಈಗ ಮುಖ್ಯ ದೂರಲ್ಲ. ಬಂದಿರುವ ಕೇಬಲ್ ಪಂಚಾಯಿತಿ ಕಟ್ಟಡದ ಗೋಡೆಗೆ ಬಂದು ನಿಂತಿದೆ, ನಿಂತಲ್ಲಿಯೂ ಹಲವು ಕಡೆ ನಿರಂತರವಾಗಿ ಜೀವಂತವಾಗಿಲ್ಲ ಎಂಬುದೇ ದೂರು. ಆ ಗೋಡೆಯಿಂದ ಮನೆಯವರೆಗಿನ ಕೊನೆಯ ಕೆಲವು ಕಿಲೋಮೀಟರ್‌ಗಳ ವಿಷಯದಲ್ಲಿ ದೆಹಲಿ ಅಥವಾ ಬೆಂಗಳೂರು ಮಾಡಬಹುದಾದುದಕ್ಕಿಂತ ಗ್ರಾಮ ಪಂಚಾಯಿತಿ ಮಾಡಬಹುದಾದುದೇ ಹೆಚ್ಚಿದೆ.

ಮೊದಲು ಈ ಕೇಬಲ್ ಬಂದ ಬಗೆಯನ್ನು ಸಂಕ್ಷೇಪವಾಗಿ ನೋಡಬಹುದು. ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಕೇಂದ್ರ ಸಚಿವ ಸಂಪುಟವು 2011ರ ಅಕ್ಟೋಬರ್‌ನಲ್ಲಿ ಅನುಮೋದನೆ ನೀಡಿತು. ಅಜ್ಮೇರ್ ಜಿಲ್ಲೆಯ ಅರಾಈಂ, ವಿಶಾಖಪಟ್ಟಣ ಜಿಲ್ಲೆಯ ಪರವಾಡ ಮತ್ತು ಉತ್ತರ ತ್ರಿಪುರಾದ ಪಾನಿಸಾಗರ ಎಂಬ ಮೂರು ಬ್ಲಾಕ್‌ಗಳಲ್ಲಿ ಪ್ರಾಯೋಗಿಕ ಕಾರ್ಯ ನಡೆಯಿತು. ಮುಂದೆ ಯೋಜನೆಗೆ ಭಾರತ್‌ನೆಟ್ ಎಂದು ಹೆಸರಾಯಿತು. 2017ರ ಡಿಸೆಂಬರ್ ವೇಳೆಗೆ ಮೊದಲ ಹಂತದಲ್ಲಿ ದೇಶದ ಒಂದು ಲಕ್ಷಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿಗೆ ಕೇಬಲ್ ತಲುಪಿತು. ಪ್ರತಿ ಪಂಚಾಯಿತಿಗೆ ಸೆಕೆಂಡಿಗೆ 100 ಮೆಗಾಬಿಟ್ ಸಾಮರ್ಥ್ಯ ಎಂಬುದು ಆಗಿನ ಲೆಕ್ಕ. 2023ರ ಆಗಸ್ಟ್‌ನಲ್ಲಿ ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮಕ್ಕೆ 1,39,579 ಕೋಟಿ ರೂಪಾಯಿಗಳ ಮಂಜೂರಾತಿ ದೊರೆಯಿತು.

ಈ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಪಂಚಾಯಿತಿ ಸದಸ್ಯರು ಅವಶ್ಯವಾಗಿ ತಿಳಿದಿರಬೇಕು. ದೂರವಾಣಿ ಕಂಪನಿಗಳು ತಮ್ಮ ಹೊಂದಾಣಿಕೆಗೊಂಡ ಒಟ್ಟು ವರಮಾನದ ಶೇಕಡಾ 5ರಷ್ಟನ್ನು ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಗೆ ಸಲ್ಲಿಸುತ್ತ ಬಂದಿವೆ. 2023ರ ದೂರಸಂಪರ್ಕ ಅಧಿನಿಯಮದಲ್ಲಿ ಅದೇ ನಿಧಿ ‘ಡಿಜಿಟಲ್ ಭಾರತ್ ನಿಧಿ’ ಎಂಬ ಹೆಸರನ್ನು ಪಡೆದಿದೆ. ಅಂದರೆ ಹಳ್ಳಿಯ ಅಂಗಡಿಯಲ್ಲಿ ಮಾಡಿಸುವ ಪ್ರತಿಯೊಂದು ರೀಚಾರ್ಜಿನ ಒಂದು ಪಾಲು ಈ ಕೇಬಲ್‌ಗೆ ಸಂದಿದೆ. ಸಿಗ್ನಲ್‌ಗಾಗಿ ಗುಡ್ಡ ಹತ್ತುವವರೂ ಅದನ್ನು ಕಟ್ಟಿದ್ದಾರೆ. ಆದ್ದರಿಂದ ಗ್ರಾಮಸ್ಥರು ಕೇಳುವುದು ಉಪಕಾರವನ್ನಲ್ಲ, ಹಣ ಸಂದಾಯವಾಗಿರುವ ಸೇವೆಯನ್ನು.

‘ಅತಿವೇಗ’ ಎಂಬ ಪದದ ಅರ್ಥವೂ ಸ್ಥಿರವಾಗಿ ನಿಂತಿಲ್ಲ. 2004ರ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. ಅನಂತರ ಅದು 512 ಆಯಿತು. 2023ರ ಜನವರಿಯಲ್ಲಿ ಕನಿಷ್ಠ ಮಿತಿಯನ್ನು 2 ಮೆಗಾಬಿಟ್‌ಗೆ ಏರಿಸಲಾಯಿತು. ಕಡತದ ಗಾತ್ರವನ್ನು ಅಳೆಯುವುದು ಮೆಗಾಬೈಟ್‌ನಲ್ಲಿ, ವೇಗವನ್ನು ಅಳೆಯುವುದು ಮೆಗಾಬಿಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಕಾಮಗಾರಿಯ ಛಾಯಾಚಿತ್ರಗಳು, ಅಂದಾಜು ಪಟ್ಟಿ ಎಲ್ಲ ಸೇರಿ 25 ಮೆಗಾಬೈಟ್ ತೂಗುವ ಕಡತವೊಂದನ್ನು ಕಳುಹಿಸಲು 256 ಕಿಲೋಬಿಟ್‌ನಲ್ಲಿ ಸುಮಾರು 13 ನಿಮಿಷ ಬೇಕು, 2 ಮೆಗಾಬಿಟ್‌ನಲ್ಲಿ 100 ಸೆಕೆಂಡು, 100 ಮೆಗಾಬಿಟ್‌ನಲ್ಲಿ ಎರಡು ಸೆಕೆಂಡು. ಇದು ಒಂದೇ ಕಂಪ್ಯೂಟರ್‌ನ ಲೆಕ್ಕ. ಕಚೇರಿಯಲ್ಲಿ ಮೂರು ಕಂಪ್ಯೂಟರ್, ಪಕ್ಕದ ಅರಿವು ಕೇಂದ್ರದಲ್ಲಿ ನಾಲ್ಕು ಮಕ್ಕಳು, ಹೊರಗೆ ಕಟ್ಟೆಯ ಮೇಲೆ ಹತ್ತು ಮೊಬೈಲ್ ಇದ್ದರೆ ಎಲ್ಲರೂ ಹಂಚಿಕೊಳ್ಳಬೇಕಾಗುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ಕೆಳಗಿಳಿಸುವ ವೇಗ. ಪಂಚಾಯಿತಿಯ ಕೆಲಸದಲ್ಲಿ ಹೆಚ್ಚಿನದು ಮೇಲಕ್ಕೆ ಕಳುಹಿಸುವುದು. ಸಂಪರ್ಕ ಪಡೆಯುವಾಗ ಎರಡನ್ನೂ ಕೇಳಬೇಕು.

ವೇಗದ ಮಾತು ಒತ್ತಟ್ಟಿಗಿರಲಿ. ಸಂಪರ್ಕವೇ ಇಲ್ಲದ ದಿನ ಏನಾಗುತ್ತದೆ ಎಂಬುದನ್ನು ಈ ಸಭೆಯಲ್ಲಿರುವವರಿಗೆ ವಿವರಿಸಬೇಕಾಗಿಲ್ಲ. ಪಂಚತಂತ್ರ ತೆರೆಯುವುದಿಲ್ಲ, ಇ-ಸ್ವತ್ತು ತೆರೆಯುವುದಿಲ್ಲ, ಸಾಲಕ್ಕಾಗಿ ನಮೂನೆ ಕೇಳಿ ಬಂದವರು ಬಸ್ಸಿನ ಹಣ ಕಳೆದುಕೊಂಡು ಹಿಂದಿರುಗುತ್ತಾರೆ. ನ್ಯಾಯಬೆಲೆ ಅಂಗಡಿಯ ಮುಂದೆ ಬೆರಳಚ್ಚು ನೀಡಲು ಮೂರನೆಯ ದಿನವೂ ಬಂದು ಕುಳಿತ ಅಜ್ಜಿ “ತಮ್ಮಾ, ಇವತ್ತೂ ಸರ್ವರ್ ಇಲ್ಲವೇನೋ?” ಎಂದು ಕೇಳುವ ದೃಶ್ಯ ಯಾವ ತಾಲ್ಲೂಕಿಗೂ ಹೊಸದಲ್ಲ. ಆಕೆಯ ಬಾಯಲ್ಲಿ ‘ಸರ್ವರ್’ ಎಂಬುದು ಮಳೆ, ಬಿಸಿಲುಗಳಂತೆ ಯಾರ ಕೈಯಲ್ಲಿಯೂ ಇಲ್ಲದ ಒಂದು ಶಕ್ತಿಯ ಹೆಸರಾಗಿದೆ. ವಾಸ್ತವದಲ್ಲಿ ಅನೇಕ ಸಲ ಸರ್ವರ್ ಸುಸ್ಥಿತಿಯಲ್ಲಿಯೇ ಇರುತ್ತದೆ. ಎರಡು ಕಿಲೋಮೀಟರ್ ಆಚೆ ರಸ್ತೆಯ ಅಂಚಿನಲ್ಲಿ ಕೇಬಲ್ ತುಂಡಾಗಿರುತ್ತದೆ ಅಥವಾ ಕಚೇರಿಯ ಕಪಾಟಿನಲ್ಲಿರುವ ಬ್ಯಾಟರಿ ಸತ್ತಿರುತ್ತದೆ.

ಉದ್ಯೋಗ ಖಾತರಿಯ ಕೂಲಿಕಾರರ ಹಾಜರಾತಿಯನ್ನು ಕೆಲಸದ ಸ್ಥಳದಿಂದಲೇ ಛಾಯಾಚಿತ್ರ ಸಹಿತ ದಾಖಲಿಸುವ ವ್ಯವಸ್ಥೆ 2021ರಲ್ಲಿ ಆರಂಭವಾಗಿ 2023ರ ಜನವರಿಯಿಂದ ವ್ಯಾಪಕವಾಗಿ ಕಡ್ಡಾಯವಾಯಿತು. ಸುಳ್ಳು ಹಾಜರಾತಿಯನ್ನು ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಕಣಿವೆಯ ತಳದಲ್ಲಿ ಕೆರೆಯ ಹೂಳೆತ್ತುವ ಕೂಲಿಕಾರರ ಪಾಲಿಗೆ ಅದರ ಪರಿಣಾಮ ಬೇರೆ. ಬೆಳಗಿನಿಂದ ಗುದ್ದಲಿ ಹಿಡಿದ ಹೆಂಗಸಿನ ಒಂದು ದಿನದ ಕೂಲಿ, ಆಕೆಯ ದುಡಿಮೆಯ ಜೊತೆಗೆ ಮೊಬೈಲಿನ ಮೂಲೆಯಲ್ಲಿ ಕಾಣುವ ಗೆರೆಗಳ ಮೇಲೂ ಅವಲಂಬಿಸುವಂತಾಯಿತು. ಸರ್ಕಾರದ ಸೇವೆಗಳೆಲ್ಲವೂ ಅಂತರ್ಜಾಲಕ್ಕೆ ಏರಿದ ಮೇಲೆ ಸಂಪರ್ಕವಿಲ್ಲದ ಊರು ಮೊದಲಿದ್ದ ಸ್ಥಿತಿಯಲ್ಲಿಯೇ ಉಳಿಯುವುದಿಲ್ಲ, ಮೊದಲಿಗಿಂತ ಹಿಂದಕ್ಕೆ ಹೋಗುತ್ತದೆ. ಹಿಂದೆ ಕಾಗದದ ಮೇಲೆ ದೊರೆಯುತ್ತಿದ್ದುದೂ ಈಗ ದೊರೆಯುವುದಿಲ್ಲ.

ಕೋವಿಡ್ ಕಾಲದಲ್ಲಿ ಇದು ಇಡೀ ದೇಶಕ್ಕೆ ಕಂಡಿತು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಸುರಿಯುವ ಮಳೆಯಲ್ಲಿ ರಸ್ತೆಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ಅನೇಕರು ನೋಡಿರಬಹುದು. ಮಲೆನಾಡಿನ ಮತ್ತು ಕರಾವಳಿಯ ಹಲವು ತಾಲ್ಲೂಕುಗಳಲ್ಲಿ ಮಕ್ಕಳು ಗುಡ್ಡದ ನೆತ್ತಿಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲು ಕಟ್ಟಿಕೊಂಡು ಓದಿದರು. ಅದೇ ಕಾಲದಲ್ಲಿ ಊರಿಗೆ ಮರಳಿದ ಯುವಕ ಯುವತಿಯರು ಕೆಲವರು ಅಲ್ಲಿಂದಲೇ ಉದ್ಯೋಗ ಮಾಡಿ, ತೋಟವನ್ನೂ ನೋಡಿಕೊಂಡು, ತಂದೆತಾಯಿಯರ ಜೊತೆಗಿದ್ದರು. ಸಂಪರ್ಕ ಸರಿಯಿದ್ದಲ್ಲಿ ಕೆಲವರು ಉಳಿದರು, ಇಲ್ಲದಲ್ಲಿ ಹಿಂದಿರುಗಿದರು. ವೃದ್ಧರಿಬ್ಬರೇ ಇರುವ ದೊಡ್ಡ ಮನೆಗಳು ಘಟ್ಟದ ಸೀಮೆಯಲ್ಲಿ ಎಷ್ಟಿವೆ ಎಂಬುದನ್ನು ಸದಸ್ಯರು ತಮ್ಮ ವಾರ್ಡಿನಲ್ಲಿಯೇ ಎಣಿಸಿ ನೋಡಬಹುದು.

ಸಾಂವಿಧಾನಿಕ ಮಾತನ್ನೂ ಇಲ್ಲಿ ಸೇರಿಸಬೇಕು. 2020ರ ಜನವರಿ 10ರಂದು ಅನುರಾಧಾ ಭಸೀನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಂತರ್ಜಾಲದ ಮೂಲಕ ಅಭಿಪ್ರಾಯ ವ್ಯಕ್ತಪಡಿಸುವ ಹಾಗೂ ವ್ಯಾಪಾರ, ವೃತ್ತಿ ನಡೆಸುವ ಸ್ವಾತಂತ್ರ್ಯಕ್ಕೆ ಸಂವಿಧಾನದ 19ನೇ ಅನುಚ್ಛೇದದ ರಕ್ಷಣೆಯಿದೆ ಎಂದು ಹೇಳಿತು. ಅದು ಸಂಪರ್ಕವನ್ನು ಕಡಿತಗೊಳಿಸುವ ಆದೇಶಗಳ ಕುರಿತ ತೀರ್ಪು. ಪ್ರತಿ ಮನೆಗೂ ಕೇಬಲ್ ಎಳೆಯಬೇಕೆಂದು ಅದರಲ್ಲಿ ಹೇಳಿಲ್ಲ. ಈ ವ್ಯತ್ಯಾಸವನ್ನು ಮರೆತು ಗ್ರಾಮಸಭೆಗಳಲ್ಲಿ ಅದನ್ನು ಉಲ್ಲೇಖಿಸುವುದು ಸರಿಯಲ್ಲ.

ಇನ್ನು ಕೇಬಲ್‌ನ ವಿಷಯಕ್ಕೆ ಬರಬಹುದು. ಗಾಜಿನ ಎಳೆಯ ಹೊರವ್ಯಾಸ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ನ ಎಂಟನೆಯ ಒಂದು ಭಾಗ. ಅದರೊಳಗೆ ಬೆಳಕು ಚಲಿಸುತ್ತದೆ. ಭಾರತ್‌ನೆಟ್‌ನ ಕೇಬಲ್‌ಗಳನ್ನು ಕೊಳವೆಯೊಳಗೆ ಸೇರಿಸಿ ಸುಮಾರು ಒಂದೂವರೆ ಮೀಟರ್‌ಗೂ ಹೆಚ್ಚು ಆಳದಲ್ಲಿ ಹೂಳಬೇಕೆಂಬುದು ನಿಯಮ. ಮೆದು ಮಣ್ಣಿನಲ್ಲಿ ಅದು ಸಾಧ್ಯ. ಜಂಬಿಟ್ಟಿಗೆಯ ಹಾಸು ಬಂದಲ್ಲಿ, ಕರಿಬಂಡೆ ಬಂದಲ್ಲಿ, ಮೋರಿ ಮತ್ತು ಕಿರುಸೇತುವೆಗಳನ್ನು ದಾಟುವಲ್ಲಿ ಕೇಬಲ್ ಮೇಲಕ್ಕೆ ಬರುತ್ತದೆ. ಅಂತಹ ಕಡೆಯೇ ಅದು ಮತ್ತೆ ಮತ್ತೆ ತುಂಡಾಗುವುದು.

ಅದನ್ನು ತುಂಡು ಮಾಡುವವರು ಯಾರು? ಉತ್ತರ ಸ್ವಲ್ಪ ಮುಜುಗರದ್ದು. ಕಾಡುಹಂದಿ, ಹೆಗ್ಗಣಗಳ ಪಾಲೂ ಇದೆ, ಭೂಕುಸಿತದ ಪಾಲೂ ಇದೆ. ಆದರೆ ದೊಡ್ಡ ಪಾಲು ಜೆ.ಸಿ.ಬಿ.ಯದು, ಮತ್ತು ಆ ಜೆ.ಸಿ.ಬಿ.ಯನ್ನು ಕರೆಸಿದವರು ಅನೇಕ ಸಲ ಸಾರ್ವಜನಿಕ ಕಾಮಗಾರಿಯವರೇ. 2019ರಲ್ಲಿ ಜಲ ಜೀವನ ಮಿಷನ್ ಆರಂಭವಾದ ಮೇಲೆ ಮನೆಮನೆಗೆ ನೀರು ಒಯ್ಯುವ ಪೈಪುಗಳಿಗಾಗಿ ರಸ್ತೆಯ ಅಂಚುಗಳನ್ನು ಅಗೆಯಲಾಯಿತು. ಕೇಬಲ್ ಮಲಗಿರುವುದೂ ಅದೇ ಅಂಚಿನಲ್ಲಿ. ಗುತ್ತಿಗೆದಾರನಿಗೆ ಕೇಬಲ್ ಇರುವುದು ಗೊತ್ತಿರಲಿಲ್ಲ, ಗೊತ್ತಿದ್ದ ಪಂಚಾಯಿತಿ ನೀರುಗಂಟಿಯನ್ನು ಯಾರೂ ಕೇಳಲಿಲ್ಲ. ಪಂಚಾಯಿತಿಯ ಒಂದು ಕೈ ತಂದ ನೀರಿಗಾಗಿ ಇನ್ನೊಂದು ಕೈಗೆ ಬಂದಿದ್ದ ಬೆಳಕಿನ ಎಳೆ ಕಡಿಯಿತು. ತಪ್ಪು ಯಾರದೆಂದು ಹುಡುಕುತ್ತ ಕುಳಿತರೆ ಎಲ್ಲ ಇಲಾಖೆಗಳ ಕಡತಗಳೂ ದಪ್ಪವಾಗುತ್ತವೆ, ಕೇಬಲ್ ಮಾತ್ರ ಅಲ್ಲಿಯೇ ಇರುತ್ತದೆ.

ಅಗೆಯುವ ಮೊದಲು ತಿಳಿಸುವುದಕ್ಕಾಗಿ ದೂರಸಂಪರ್ಕ ಇಲಾಖೆಯು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಅನ್ನು 2023ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದೆ. ಅಗೆಯುವವರು ಅದರಲ್ಲಿ ಸ್ಥಳವನ್ನು ಗುರುತಿಸಿದರೆ, ಅಲ್ಲಿ ಕೇಬಲ್, ಪೈಪು ಹೂಳಿರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತದೆ. ಆದರೆ ಆ್ಯಪ್‌ನ ಭೂಪಟವು ಅದರಲ್ಲಿ ತುಂಬಿಸಿದ ಮಾಹಿತಿಯಷ್ಟೇ ಸರಿಯಾಗಿರುತ್ತದೆ. ಮೂರು ವರ್ಷದ ಹಿಂದೆ ರಸ್ತೆ ಅಗಲಿಸಿದಾಗ ಕೇಬಲ್ ಅನ್ನು ಎಡಬದಿಯಿಂದ ಬಲಬದಿಗೆ ಸರಿಸಿದ್ದು ಭೂಪಟದಲ್ಲಿ ಇಲ್ಲದಿದ್ದರೆ ಆ್ಯಪ್ ಏನು ಮಾಡೀತು? ಊರಿನವರ ನೆನಪೇ ಇಲ್ಲಿ ಒಳ್ಳೆಯ ದಾಖಲೆ. ಕೇಬಲ್ ಹೂಳುವಾಗ ಕೂಲಿ ಮಾಡಿದವರು, ಹೊಂಡಕ್ಕೆ ಎಮ್ಮೆ ಬಿದ್ದಾಗ ಜಗಳ ಮಾಡಿದವರು ಈಗಲೂ ಊರಿನಲ್ಲಿದ್ದಾರೆ. ಅವರನ್ನು ಕರೆದುಕೊಂಡು ಒಂದು ದಿನ ನಡೆದರೆ ಆ ಪಂಚಾಯಿತಿಯ ಕೇಬಲ್ ಮಾರ್ಗ ತಿಳಿಯುತ್ತದೆ. ಮೈಲಿಗಲ್ಲು, ಮೋರಿ, ದೊಡ್ಡ ಮರ, ದೇವಸ್ಥಾನದ ದ್ವಾರ ಇವುಗಳಿಂದ ಎಷ್ಟು ಹೆಜ್ಜೆ ಎಂದು ಬರೆದುಕೊಂಡರೆ ಸಾಕು. ಆ ಒಂದು ಹಾಳೆಯನ್ನು ಕಾಮಗಾರಿಯ ಆದೇಶದೊಡನೆ ಗುತ್ತಿಗೆದಾರನಿಗೆ ನೀಡುವುದಕ್ಕೆ ಯಾವ ಅನುದಾನವೂ ಬೇಡ.

ತುಂಡಾದ ಕೇಬಲ್ ಅನ್ನು ಸರಿಪಡಿಸುವ ತಾಂತ್ರಿಕ ಕೆಲಸ ಬಹಳ ದೊಡ್ಡದಲ್ಲ. ಒಂದು ತುದಿಯಿಂದ ಬೆಳಕಿನ ಮಿಡಿತವನ್ನು ಕಳುಹಿಸಿ, ಅದು ಹಿಂದಿರುಗುವ ಸಮಯದಿಂದ ಎಷ್ಟು ದೂರದಲ್ಲಿ ತುಂಡಾಗಿದೆ ಎಂದು ಉಪಕರಣ ತಿಳಿಸುತ್ತದೆ. ಸ್ಥಳ ಸಿಕ್ಕಿದ ಮೇಲೆ ಎರಡು ತುದಿಗಳನ್ನು ಜೋಡಿಸುವ ಯಂತ್ರದಲ್ಲಿಟ್ಟು ಬೆಸೆಯುತ್ತಾರೆ. ಪರಿಣತರ ಕೈಯಲ್ಲಿ ಒಂದು ಎಳೆಗೆ ಕೆಲವೇ ನಿಮಿಷ. ಉಪಕರಣವು ‘ಇಲ್ಲಿಂದ 6 ಕಿಲೋಮೀಟರ್ 400 ಮೀಟರ್’ ಎಂದು ಹೇಳುತ್ತದೆ. ಆ 400 ಮೀಟರ್ ಯಾವ ಮೋರಿಯ ಬಳಿ ಎಂಬುದನ್ನು ಹೇಳುವುದಿಲ್ಲ. ದಿನಗಟ್ಟಲೆ ವಿಳಂಬವಾಗುವುದು ಬೆಸೆಯುವುದರಲ್ಲಿ ಅಲ್ಲ. ಯಾರು ದೂರು ನೀಡಬೇಕು, ಯಾರು ಬರಬೇಕು, ಬಂದವರಿಗೆ ಸ್ಥಳ ತೋರಿಸುವವರು ಯಾರು ಎಂಬುದರಲ್ಲಿ. ಕುಡಿಯುವ ನೀರಿನ ಪಂಪು ಕೆಟ್ಟರೆ ಸಂಜೆಯೊಳಗೆ ಸದಸ್ಯರ ಮನೆಯ ಮುಂದೆ ಜನ ಸೇರುತ್ತಾರೆ. ಕೇಬಲ್ ಸತ್ತರೆ ಯಾರೂ ಸೇರುವುದಿಲ್ಲ, ಏಕೆಂದರೆ ಅದು ‘ಮೇಲಿನವರದು’ ಎಂಬ ಭಾವನೆಯಿದೆ. ಯಾವ ದಿನ, ಯಾವ ಹೊತ್ತಿಗೆ ಸಂಪರ್ಕ ಹೋಯಿತು, ದೂರಿನ ಸಂಖ್ಯೆ ಏನು, ಎಂದು ಸರಿಯಾಯಿತು ಎಂದು ಬರೆದಿಡುವ ಒಂದು ಪುಸ್ತಕ ಕಚೇರಿಯ ಮೇಜಿನ ಮೇಲಿದ್ದರೆ ಆರು ತಿಂಗಳಲ್ಲಿ ಅದು ಪ್ರಬಲವಾದ ದಾಖಲೆಯಾಗುತ್ತದೆ. ‘ಯಾವಾಗಲೂ ಇರುವುದಿಲ್ಲ’ ಎಂಬ ದೂರಿಗೆ ಉತ್ತರ ಹೇಳಿ ಜಾರಿಕೊಳ್ಳಬಹುದು. ಜೂನ್‌ನಲ್ಲಿ 17 ದಿನ ಇರಲಿಲ್ಲ ಎಂದು ದಿನಾಂಕ ಸಹಿತ ಇಟ್ಟರೆ ಜಾರಿಕೊಳ್ಳುವುದು ಕಷ್ಟ.

ಹಳೆಯ ಜಾಲದ ರಚನೆಯಲ್ಲಿಯೇ ಒಂದು ದೌರ್ಬಲ್ಯವಿತ್ತು. ಬ್ಲಾಕ್ ಕೇಂದ್ರದಿಂದ ಮರದ ಕೊಂಬೆಗಳಂತೆ ಕೇಬಲ್ ಹೊರಟಿತ್ತು. ಕೊಂಬೆ ಮುರಿದರೆ ಅದರಾಚೆಯ ಎಲೆಗಳೆಲ್ಲವೂ ಒಣಗಿದವು. ಪರಿಷ್ಕೃತ ಕಾರ್ಯಕ್ರಮದಲ್ಲಿ ಕೇಬಲ್ ಬಳೆಯಾಕಾರದಲ್ಲಿ ಸುತ್ತಿ ಬರುತ್ತದೆ. ಒಂದು ಕಡೆ ತುಂಡಾದರೆ ಸಂಚಾರವು ಇನ್ನೊಂದು ಕಡೆಯಿಂದ ಬರುತ್ತದೆ. ನಿರ್ವಹಣೆಯ ಹೊಣೆಯನ್ನೂ ಹಲವು ವರ್ಷಗಳ ಕಾಲ ಅದೇ ಗುತ್ತಿಗೆಯಲ್ಲಿ ಸೇರಿಸಲಾಗಿದೆ. ಗ್ರಾಮ ಪಂಚಾಯಿತಿ ಕೇಂದ್ರಗಳಲ್ಲದ ಹಳ್ಳಿಗಳಿಗೂ ಬೇಡಿಕೆಯ ಆಧಾರದ ಮೇಲೆ ಸಂಪರ್ಕ ನೀಡುವ ಅವಕಾಶ ಇದರಲ್ಲಿದೆ. ‘ಬೇಡಿಕೆಯ ಆಧಾರದ ಮೇಲೆ’ ಎಂಬ ಮೂರು ಪದಗಳನ್ನು ಸದಸ್ಯರು ಗುರುತು ಹಾಕಿಕೊಳ್ಳಬೇಕು. ಬೇಡಿಕೆ ಲಿಖಿತವಾಗಿ ಇಲ್ಲದಿದ್ದರೆ ಅದು ಬೇಡಿಕೆಯೇ ಅಲ್ಲ.

ವಿದ್ಯುತ್ತಿನ ವಿಷಯ ಚಿಕ್ಕದಾದರೂ ಬಹಳ ಕಡೆ ಅಲ್ಲಿಯೇ ಎಲ್ಲವೂ ನಿಲ್ಲುತ್ತದೆ. ಗಾಜಿನ ಎಳೆಗೆ ವಿದ್ಯುತ್ತು ಬೇಡ, ಅದರ ತುದಿಯಲ್ಲಿರುವ ಪೆಟ್ಟಿಗೆಗೆ ಬೇಕು. ಆಷಾಢದಲ್ಲಿ ಮೂರು ದಿನ ಕರೆಂಟು ಇಲ್ಲದಿರುವುದು ಘಟ್ಟದ ಊರುಗಳಿಗೆ ವಾಡಿಕೆಯಾಗಿದೆ. ಬ್ಯಾಟರಿಯನ್ನು ಯೋಜನೆಯಲ್ಲಿಯೇ ನೀಡಿದ್ದರೂ ಅದರ ಆಯುಸ್ಸು ಕೆಲವೇ ವರ್ಷ. ಕಚೇರಿಯ ಇನ್ವರ್ಟರ್‌ನಿಂದ ಆ ಪೆಟ್ಟಿಗೆಗೆ ಒಂದು ತಂತಿ ಎಳೆಯುವುದು ಅರ್ಧ ದಿನದ ಕೆಲಸ. ಪೆಟ್ಟಿಗೆಯಿರುವ ಕೊಠಡಿಗೆ ಬೀಗ ಹಾಕಿ ಕೀಲಿಕೈಯನ್ನು ಮನೆಗೆ ಒಯ್ಯುವ ಪದ್ಧತಿ ಎಲ್ಲಿಯಾದರೂ ಇದ್ದರೆ ಅದನ್ನು ನಿಲ್ಲಿಸುವುದು ಇನ್ನೂ ಸುಲಭ.

ಈಗ ಗೋಡೆಯಿಂದ ಮುಂದಕ್ಕೆ, ಮನೆಗಳ ಕಡೆಗೆ. ಬಯಲುಸೀಮೆಯ ಹಳ್ಳಿಯಲ್ಲಿ ಮನೆಗಳು ಒತ್ತಾಗಿವೆ. ಒಂದು ಬೀದಿಗೆ ಕೇಬಲ್ ಎಳೆದರೆ ಐವತ್ತು ಮನೆ ಸಿಗುತ್ತವೆ. ಮಲೆನಾಡಿನಲ್ಲಿ ತೋಟಕ್ಕೊಂದು ಮನೆ. ಅರ್ಧ ಕಿಲೋಮೀಟರ್ ಕೇಬಲ್ ಎಳೆದರೆ ಮೂರು ಮನೆ ಸಿಕ್ಕರೆ ಹೆಚ್ಚು. ಖಾಸಗಿ ಕಂಪನಿಗಳು ಏಕೆ ಬರುವುದಿಲ್ಲ ಎಂಬ ಪ್ರಶ್ನೆಗೆ ಇದೇ ಉತ್ತರ. ದ್ವೇಷವೇನೂ ಇಲ್ಲ, ಲೆಕ್ಕ ಕೂಡುವುದಿಲ್ಲ. ಆದರೆ ತಾಂತ್ರಿಕವಾಗಿ ಅಡ್ಡಿಯಿಲ್ಲ. ಒಂದು ಗಾಜಿನ ಎಳೆಯನ್ನು ವಿಭಜಕದ ಮೂಲಕ 32 ಅಥವಾ 64 ಮನೆಗಳಿಗೆ ಹಂಚಬಹುದು. ಅದು ಒಯ್ಯುವುದು ಸೆಕೆಂಡಿಗೆ 2.5 ಗಿಗಾಬಿಟ್. ಎಲ್ಲ 64 ಮನೆಯವರೂ ಒಂದೇ ಕ್ಷಣದಲ್ಲಿ ಬಳಸಿದರೂ ಈ ಎಳೆಯ ಮಟ್ಟಿಗೆ ತಲಾ 39 ಮೆಗಾಬಿಟ್‌ನಷ್ಟು ದೊರೆಯುತ್ತದೆ. ಕೇಂದ್ರದ ಉಪಕರಣದಿಂದ ಸುಮಾರು 20 ಕಿಲೋಮೀಟರ್ ಒಳಗಿನ ಮನೆಗಳಿಗೆ ಇದು ಸಾಧ್ಯ. ತಾಮ್ರದ ತಂತಿಯಂತೆ ದೂರ ಹೆಚ್ಚಿದಷ್ಟೂ ವೇಗ ಕುಸಿಯುವ ಕಾಟ ಇಲ್ಲಿಲ್ಲ.

ಅನೇಕ ಊರುಗಳಲ್ಲಿ ಸ್ಥಳೀಯ ಕೇಬಲ್ ಟಿ.ವಿ. ನಡೆಸುವವರೇ ದೂರವಾಣಿ ಸಂಸ್ಥೆಯೊಡನೆ ಪಾಲುದಾರರಾಗಿ ಮನೆಗಳಿಗೆ ಸಂಪರ್ಕ ನೀಡುತ್ತಿದ್ದಾರೆ. ಇವರ ಕೆಲಸ ಕಷ್ಟದ್ದು. ಕೇಬಲ್ ಅನ್ನು ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಎಳೆದಿರುತ್ತಾರೆ. ಮಳೆಗಾಲದಲ್ಲಿ ಕೊಂಬೆ ಬಿದ್ದಾಗಲೆಲ್ಲ ಜೋಡಿಸುವ ಯಂತ್ರ ಹಿಡಿದು ಜಿಗಣೆಯ ದಾರಿಯಲ್ಲಿ ನಡೆಯುತ್ತಾರೆ. ಪಂಚಾಯಿತಿಯಿಂದ ಅವರಿಗೆ ಬೇಕಾದುದು ಹಣವಲ್ಲ, ಅನುಮತಿ. ದೂರಸಂಪರ್ಕ ಮಾರ್ಗಹಕ್ಕಿನ ನಿಯಮಗಳು 2024ರಲ್ಲಿ ಹೊಸದಾಗಿ ರೂಪುಗೊಂಡು 2025ರ ಜನವರಿ 1ರಿಂದ ಜಾರಿಗೆ ಬಂದಿವೆ. ಅರ್ಜಿಯನ್ನು ಕಾಲಮಿತಿಯೊಳಗೆ ಇತ್ಯರ್ಥಪಡಿಸಬೇಕೆಂದು ಅವು ಹೇಳುತ್ತವೆ. ಅರ್ಜಿಯನ್ನು ‘ಮುಂದಿನ ಸಭೆಗೆ’ ಎಂದು ಇಡುತ್ತಲೇ ಹೋದರೆ ನಷ್ಟ ಅರ್ಜಿದಾರನಿಗಷ್ಟೇ ಅಲ್ಲ. ಪಂಚಾಯಿತಿಯು ಹೊಸ ರಸ್ತೆ, ಚರಂಡಿಯ ಅಂದಾಜು ಪಟ್ಟಿ ತಯಾರಿಸುವಾಗ ಒಂದು ಖಾಲಿ ಕೊಳವೆಯನ್ನೂ ಸೇರಿಸುವುದು ಇನ್ನೊಂದು ಸುಲಭೋಪಾಯ. ಕೇಬಲ್ ಹೂಳುವ ವೆಚ್ಚದಲ್ಲಿ ಹೆಚ್ಚಿನದು ಅಗೆತಕ್ಕೆ ಹೋಗುತ್ತದೆ, ಗಾಜಿನ ಎಳೆಗಲ್ಲ. ಅಗೆದ ಹೊಂಡ ಹೇಗೂ ಇದೆ.

ಹೊರದೇಶದ ಒಂದು ನಿದರ್ಶನ ಇಲ್ಲಿ ಉಪಯುಕ್ತ. ಇಂಗ್ಲೆಂಡಿನ ಲ್ಯಾಂಕಷೈರ್‌ನ ಗುಡ್ಡಗಾಡು ಹಳ್ಳಿಗಳಿಗೆ ದೊಡ್ಡ ಕಂಪನಿಗಳು ಬಾರದಿದ್ದಾಗ, ಅಲ್ಲಿನ ಜನ 2011ರಲ್ಲಿ ‘ಬ್ರಾಡ್‌ಬ್ಯಾಂಡ್ ಫಾರ್ ದ ರೂರಲ್ ನಾರ್ತ್’ ಎಂಬ ಸಮುದಾಯ ಸಂಘವನ್ನು ಕಟ್ಟಿದರು. ಷೇರು ಮಾರಿ ಬಂಡವಾಳ ಕೂಡಿಸಿದರು. ರೈತರು ತಮ್ಮ ಹೊಲಗಳ ಮೂಲಕ ಕೊಳವೆ ಹಾಯಲು ಬಾಡಿಗೆ ಕೇಳಲಿಲ್ಲ. ಗ್ರಾಮಸ್ಥರೇ ಹೊಂಡ ತೋಡಿದರು, ಕೇಬಲ್ ಜೋಡಿಸುವುದನ್ನು ಕಲಿತರು. ನಗರಗಳ ಹಲವು ಮನೆಗಳಿಗೆ ಇಲ್ಲದ ಒಂದು ಗಿಗಾಬಿಟ್ ವೇಗ ಕುರಿ ಸಾಕುವವರ ಮನೆಗೆ ಬಂತು. ಇದನ್ನು ಕೇಳಿ ‘ಅದು ಇಂಗ್ಲೆಂಡು’ ಎನ್ನುವವರಿಗೆ ಕರ್ನಾಟಕದಲ್ಲಿಯೇ ಉತ್ತರವಿದೆ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಆರಂಭವಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಸದಸ್ಯರಿಗೆ ತಾನೇ ವಿದ್ಯುತ್ ವಿತರಿಸುತ್ತ ಬಂದಿದೆ. ಅಡಿಕೆ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ವಿದ್ಯುತ್ ತಂತಿಯನ್ನು ಸಹಕಾರಿ ಸಂಘ ನಿರ್ವಹಿಸಬಹುದಾದರೆ ಅದಕ್ಕಿಂತ ಹಗುರವಾದ, ಮುಟ್ಟಿದರೆ ಅಪಾಯವಿಲ್ಲದ ಗಾಜಿನ ಎಳೆಯನ್ನು ಹಾಲಿನ ಸಂಘವೋ ಪತ್ತಿನ ಸಂಘವೋ ನಿರ್ವಹಿಸಲಾರದೆ? ಬಂಡವಾಳ, ಪರವಾನಗಿ ಹೊಂದಿದ ಸೇವಾದಾರರೊಡನೆ ಒಪ್ಪಂದ, ತರಬೇತಿ ಇವೆಲ್ಲ ಬೇಕು ನಿಜ. ಅಸಾಧ್ಯವಾದುದಲ್ಲ.

ಮನೆಗೆ ಸಂಪರ್ಕ ಪಡೆಯಲು ಸಾಧ್ಯವಿಲ್ಲದವರಿಗಾಗಿ ಸಾರ್ವಜನಿಕ ವೈಫೈ ಇದೆ. 2020ರ ಡಿಸೆಂಬರ್‌ನಲ್ಲಿ ಅನುಮೋದನೆಗೊಂಡ ಪಿ.ಎಂ. ವಾಣಿ ವ್ಯವಸ್ಥೆಯಡಿ ಚಹಾ ಅಂಗಡಿ, ಕಿರಾಣಿ ಅಂಗಡಿಯವರೂ ಪರವಾನಗಿಯಿಲ್ಲದೆ ವೈಫೈ ಮಾರಬಹುದು. ಅಂತಹ ಮಳಿಗೆಗೆ ಸರ್ಕಾರಿ ಭಾಷೆಯಲ್ಲಿ ‘ಪಬ್ಲಿಕ್ ಡೇಟಾ ಆಫೀಸ್’, ಅಂದರೆ ಪಿ.ಡಿ.ಒ. ಎಂದು ಹೆಸರು. ಕರ್ನಾಟಕದ ಹಳ್ಳಿಗಳಲ್ಲಿ ಪಿ.ಡಿ.ಒ. ಎಂದರೆ ಯಾರೆಂಬುದು ಈ ಸಭಾಂಗಣದಲ್ಲಿ ಕುಳಿತವರಿಗೆ ಗೊತ್ತು; ಸುತ್ತೋಲೆಗಳನ್ನು ಓದುವಾಗ ಗೊಂದಲ ಮಾಡಿಕೊಳ್ಳಬಾರದು. ಅರಿವು ಕೇಂದ್ರಗಳ ವೈಫೈ ಅನ್ನು ಸಂಜೆ ಎಂಟರವರೆಗೆ ತೆರೆದಿಡುವುದು ಇದಕ್ಕಿಂತಲೂ ಸರಳ. ಹೆಣ್ಣುಮಕ್ಕಳು ನಿರ್ಭಯವಾಗಿ ಬಂದು ಕುಳಿತುಕೊಳ್ಳುವಂತೆ ದೀಪ ಮತ್ತು ಬೆಂಚು ಇರುವುದು ಅಲ್ಲಿ ವೇಗದಷ್ಟೇ ಮುಖ್ಯ.

ಮೊಬೈಲ್ ಟವರ್‌ಗಳ ಬಗ್ಗೆ ಎರಡು ಮಾತು ಸಾಕು. 2022ರ ಜುಲೈನಲ್ಲಿ ಕೇಂದ್ರ ಸರ್ಕಾರವು ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸುವ ಯೋಜನೆಯನ್ನು ಮಂಜೂರು ಮಾಡಿತು. ಟವರ್ ಬೇಕು, ಆದರೆ ಗುಡ್ಡದ ಮರೆಯ ಕಣಿವೆಗೆ ಅದರ ಅಲೆ ಇಳಿಯುವುದಿಲ್ಲ, ಮತ್ತು ಟವರ್‌ಗೂ ಕೊನೆಗೆ ಒಂದು ಕೇಬಲ್ ಬೇಕು. ಉಪಗ್ರಹದ ಸಂಪರ್ಕ ಕಾಡಿನ ನಡುವಿನ ಐದಾರು ಮನೆಗಳ ಹಾಡಿಗಳಿಗೆ ಸೂಕ್ತ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದ ಮೂಲಕ ಪ್ರಶ್ನೆ ಹೋಗಿ ಉತ್ತರ ಬರಲು ಸುಮಾರು ಅರ್ಧ ಸೆಕೆಂಡು ಹಿಡಿಯುತ್ತದೆ. ವಿಡಿಯೊ ಮಾತುಕತೆಯಲ್ಲಿ ಅದು ತೊಡಕಾಗುತ್ತದೆ. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಹೊಸ ಉಪಗ್ರಹಗಳಲ್ಲಿ ಆ ತೊಡಕು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದರ ದರ ಕೂಲಿಕಾರರ ಮನೆಗೆ ಎಟಕುವಂಥದ್ದಾಗಬೇಕು.

ಪ್ರತಿ ಗ್ರಾಮ ಪಂಚಾಯಿತಿಯೂ ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ಕೇಬಲ್ ಮಾರ್ಗ ನಡೆದು ನೋಡುವ ದಿನವನ್ನು ನಿಗದಿಪಡಿಸುವುದು ಉಚಿತ. ಶಾಲೆ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ನ್ಯಾಯಬೆಲೆ ಅಂಗಡಿ, ಹಾಲಿನ ಸಂಘ ಇವುಗಳಲ್ಲಿ ಯಾವುದಕ್ಕೆ ಸಂಪರ್ಕವಿದೆ, ಯಾವುದಕ್ಕೆ ಇಲ್ಲ, ಕಟ್ಟಡದಿಂದ ಎಷ್ಟು ಮೀಟರ್ ದೂರ ಎಂಬುದನ್ನೂ ಅದೇ ದಿನ ಬರೆದುಕೊಳ್ಳಬಹುದು. ಸಂಪರ್ಕ ಕೇಳುವ ಮನೆಗಳ ಪಟ್ಟಿಗೆ ಮನೆಯವರ ಸಹಿ ಇರಲಿ. ನಡಿಗೆಗೆ ನೀರುಗಂಟಿಯನ್ನು ತಪ್ಪದೆ ಕರೆದುಕೊಂಡು ಹೋಗಬೇಕು. ಮೇ ತಿಂಗಳು ಮುಗಿಯುವುದರೊಳಗೆ ಹೋಗುವುದು ಒಳ್ಳೆಯದು. ಮಳೆ ಹಿಡಿದ ಮೇಲೆ ರಸ್ತೆಯ ಅಂಚು ಸೊಪ್ಪಿನಲ್ಲಿ ಮುಚ್ಚಿಹೋಗುತ್ತದೆ, ಕೇಬಲ್‌ನ ಗುರುತುಕಲ್ಲು ಕಾಣುವುದಿಲ್ಲ.